ಯುದ್ಧ ಗೆದ್ದ ದೇಶದ ಸಿನಿಮಾ ಯಾಕೆ ಅಷ್ಟು ಕತ್ತಲು?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧ ಗೆದ್ದವರಲ್ಲಿ ಅಮೆರಿಕವೂ ಒಂದು. ಅವರ ಊರುಗಳ ಮೇಲೆ ಬಾಂಬ್ ಬಿದ್ದಿರಲಿಲ್ಲ, ಕೈಯಲ್ಲಿ ದುಡ್ಡಿತ್ತು. ಆದರೂ 1940ರ ದಶಕದ ಹಾಲಿವುಡ್ ಸಿನಿಮಾ ನೋಡಲು ಕೂತರೆ ಬರೀ ನೆರಳು, ಸಿಗರೇಟಿನ ಹೊಗೆ, ಮೋಸ, ಸೋತು ಕೂತ ಗಂಡಸರು. ಗೆದ್ದವರು ಯಾಕೆ ಇಂಥ ಸಿನಿಮಾ ಮಾಡಿದರು?

ಹಳೆಯ ಕಪ್ಪು-ಬಿಳುಪು ಸಿನಿಮಾಗಳನ್ನು ಹೊಸದಾಗಿ ನೋಡಲು ಶುರು ಮಾಡಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದಿದೆ: ಯುದ್ಧ ಮುಗಿದ ಮೇಲೆ ಜನರಲ್ಲಿ ಒಂದು ಥರದ ನಿರಾಶೆ ಬಂತು, ಸಿನಿಮಾ ಅದನ್ನೇ ತೋರಿಸಿತು. ಇದರಲ್ಲಿ ಅರ್ಧ ಮಾತ್ರ ನಿಜ. ಸ್ವಲ್ಪ ಇಸವಿಗಳನ್ನು ನೋಡಿ. 'ಡಬಲ್ ಇಂಡೆಮ್ನಿಟಿ' ಬಂದಿದ್ದು 1944ರಲ್ಲಿ. 'ಲಾರಾ' ಕೂಡ ಅದೇ ವರ್ಷ. 'ದ ಮಾಲ್ಟೀಸ್ ಫಾಲ್ಕನ್' ಅಂತೂ 1941ರ ಅಕ್ಟೋಬರ್‌ನಲ್ಲೇ ಬಂದಿತ್ತು. ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಯೇ ಆಗಿನ್ನೂ ಆಗಿರಲಿಲ್ಲ. ಅಂದರೆ ಗೆಲುವಿಗೆ ಮೊದಲೇ ತೆರೆಯ ಮೇಲೆ ಕತ್ತಲು ಬಂದು ಕೂತಿತ್ತು.

ನನ್ನ ಪ್ರಕಾರ ಅದು ಎರಡು ಕಡೆಯಿಂದ ಬಂತು. ಮೊದಲು ಯುರೋಪಿನಿಂದ ಜೀವ ಉಳಿಸಿಕೊಂಡು ಓಡಿ ಬಂದವರ ಜೊತೆ. ಆಮೇಲೆ ರಣರಂಗದಿಂದ ಮನೆಗೆ ಮರಳಿದವರ ಜೊತೆ. ಮಧ್ಯದಲ್ಲಿ ಯುದ್ಧಕಾಲದ ಅಭಾವ ಮತ್ತು ಸೆನ್ಸಾರ್ ಇವೆರಡೂ ಸೇರಿಕೊಂಡವು. ಬರೀ ಸ್ಟೈಲ್ ಅಂತ ನೋಡಿದರೆ ಈ ಸಿನಿಮಾಗಳ ಮುಖ್ಯವಾದ ವಿಷಯವೇ ಕೈತಪ್ಪಿ ಹೋಗುತ್ತದೆ.

ಎಲ್ಲರಿಗೂ ಗೊತ್ತಿರುವ 'ಕಾಸಾಬ್ಲಾಂಕಾ'ದಿಂದಲೇ ಶುರು ಮಾಡೋಣ. ಉತ್ತರ ಆಫ್ರಿಕಾದ ಆ ಊರಿನಲ್ಲಿ, ಯುರೋಪಿನಿಂದ ಓಡಿ ಬಂದವರು ಲಿಸ್ಬನ್ ದಾರಿಯಾಗಿ ಅಮೆರಿಕ ಸೇರಲು ಕಾಯುತ್ತಿರುವ ಕಥೆ ಇದು. ಇದರ ಮೊದಲ ಪ್ರದರ್ಶನ ನಡೆದಿದ್ದು ನ್ಯೂಯಾರ್ಕ್‌ನಲ್ಲಿ, 1942ರ ನವೆಂಬರ್ 26ರಂದು. ಅಮೆರಿಕ ಮತ್ತು ಬ್ರಿಟನ್ನಿನ ಸೈನ್ಯ ಉತ್ತರ ಆಫ್ರಿಕಾದಲ್ಲಿ ಇಳಿದು ಮೂರು ವಾರವೂ ಆಗಿರಲಿಲ್ಲ. ಶೂಟಿಂಗ್ ನಡೆದಿದ್ದು ಅದೇ ವರ್ಷದ ಬೇಸಿಗೆಯಲ್ಲಿ. ಆಗ ಯುದ್ಧ ಯಾವ ಕಡೆ ವಾಲುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈ ಒಂದು ಸಂಗತಿ ನೆನಪಿಟ್ಟುಕೊಂಡು ಸಿನಿಮಾ ನೋಡಿ, ಅನುಭವವೇ ಬದಲಾಗುತ್ತದೆ. ಹಿಟ್ಲರ್ ಸೋಲುತ್ತಾನೆ ಅಂತ ನಮಗೆ ಗೊತ್ತು. ತೆರೆಯ ಮೇಲಿರುವವರಿಗೆ ಗೊತ್ತಿಲ್ಲ.

ಅದರಲ್ಲೊಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ನಾಯಕ ರಿಕ್‌ನ ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ತಮ್ಮ ದೇಶದ ಹಾಡು ಹಾಡುತ್ತಿರುತ್ತಾರೆ. ನಾಜಿಗಳ ವಿರುದ್ಧ ಹೋರಾಡುವ ವಿಕ್ಟರ್ ಲಾಸ್ಲೊ ನೇರವಾಗಿ ಬ್ಯಾಂಡಿನವರ ಹತ್ತಿರ ಹೋಗಿ, ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಬ್ಯಾಂಡಿನವರು ಮಾಲೀಕನ ಕಡೆ ನೋಡುತ್ತಾರೆ. ರಿಕ್ ಸುಮ್ನೆ ತಲೆಯಾಡಿಸುತ್ತಾನೆ, ಅಷ್ಟೇ. ಹಾಡು ಶುರುವಾಗುತ್ತದೆ. ಒಬ್ಬೊಬ್ಬರೇ ಎದ್ದು ದನಿಗೂಡಿಸುತ್ತಾರೆ. ಜರ್ಮನ್ನರ ಹಾಡು ಮುಳುಗಿ ಹೋಗುತ್ತದೆ. ಆಗ ಕ್ಯಾಮೆರಾ ಇವೊನ್ ಅನ್ನುವ ಹುಡುಗಿಯ ಮುಖದ ಹತ್ತಿರ ಹೋಗುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ಹಾಡುತ್ತಿರುತ್ತಾಳೆ.

ಆ ಪಾತ್ರ ಮಾಡಿದವರು ಮಡೆಲೀನ್ ಲೆಬೊ. 1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ ಹೊಗುವ ಮುಂಚೆ ಗಂಡನ ಜೊತೆ ಊರು ಬಿಟ್ಟು, ಲಿಸ್ಬನ್ ದಾರಿಯಾಗಿ ಅಮೆರಿಕ ಸೇರಿದವರು. ಅಂದರೆ ಸಿನಿಮಾದ ಪಾತ್ರಗಳೆಲ್ಲ ಯಾವ ಲಿಸ್ಬನ್ ತಲುಪಲು ಒದ್ದಾಡುತ್ತಿವೆಯೋ, ಅದೇ ಲಿಸ್ಬನ್. ಆ ಗಂಡ ಮಾರ್ಸೆಲ್ ದಾಲಿಯೊ ಕೂಡ ಇದೇ ಸಿನಿಮಾದಲ್ಲಿ ಜೂಜಿನ ಮೇಜಿನ ಹಿಂದೆ ನಿಂತಿದ್ದಾರೆ. ಫ್ರಾನ್ಸ್‌ನಲ್ಲಿ ಹೆಸರು ಮಾಡಿದ್ದ ಯಹೂದಿ ನಟ ಅವರು. ನಾಜಿಗಳು ಅವರ ಮುಖವನ್ನೇ ಪೋಸ್ಟರಿಗೆ ಹಾಕಿ, ಯಹೂದಿ ಅಂದರೆ ಹೀಗಿರುತ್ತಾನೆ ನೋಡಿ ಅಂತ ಜನರಿಗೆ ತೋರಿಸಿದ್ದರು. ಅವರ ತಂದೆತಾಯಿ ನಾಜಿ ಶಿಬಿರದಲ್ಲಿ ಸತ್ತರು. ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ವೈಟ್ ಜರ್ಮನ್ನರೇ. ಅವರ ಹೆಂಡತಿ ಯಹೂದಿ. ಹಿಟ್ಲರ್ ಬಂದ 1933ರಲ್ಲೇ ದೇಶ ಬಿಟ್ಟವರು, ಹಾಲಿವುಡ್‌ನಲ್ಲಿ ನಾಜಿಗಳ ವೇಷ ಹಾಕಿ ನಾಜಿಗಳ ವಿರುದ್ಧ ನಟಿಸುತ್ತಿದ್ದರು. ಹೆಸರು ಹಾಕಿದ ಕಲಾವಿದರಲ್ಲಿ ಅಮೆರಿಕದಲ್ಲೇ ಹುಟ್ಟಿದವರು ಮೂವರು ಮಾತ್ರ: ಹಂಫ್ರಿ ಬೊಗಾರ್ಟ್, ಡೂಲಿ ವಿಲ್ಸನ್, ಜಾಯ್ ಪೇಜ್. ಆ ಹಾಡಿನ ದೃಶ್ಯದಲ್ಲಿ ಕಾಣುವ ಕಣ್ಣೀರಿನಲ್ಲಿ ನಟನೆ ಎಷ್ಟು, ನಿಜ ಎಷ್ಟು ಅಂತ ಬೇರೆ ಮಾಡಲು ನನ್ನಿಂದಂತೂ ಆಗುವುದಿಲ್ಲ.

ಇಪ್ಪತ್ತು ವರ್ಷ ಹಿಂದೆ, 1920ರಲ್ಲಿ ಇದೇ ಕಾನ್ರಾಡ್ ವೈಟ್ ಜರ್ಮನಿಯಲ್ಲಿ 'ಡಾಕ್ಟರ್ ಕ್ಯಾಲಿಗರಿ' ಕುರಿತ ಪ್ರಸಿದ್ಧ ಮೂಕಿ ಚಿತ್ರದಲ್ಲಿ ನಟಿಸಿದ್ದರು. ಅದರಲ್ಲಿ ಸೆಟ್ಟಿನ ಗೋಡೆ ಮೇಲೆ ನೆರಳುಗಳನ್ನು ಬಣ್ಣದಿಂದಲೇ ಬರೆದಿದ್ದರು. ಗೋಡೆ, ಕಿಟಕಿ, ಬೀದಿ ಎಲ್ಲ ಸೊಟ್ಟ. ಮನಸ್ಸಿನೊಳಗಿನ ಭಯವನ್ನು ಬೆಳಕು-ನೆರಳಿನಲ್ಲೇ ಹೇಳುವುದನ್ನು ಜರ್ಮನ್ ಸಿನಿಮಾದವರು ಹೀಗೆ ರೂಢಿಸಿಕೊಂಡರು. ಆಮೇಲೆ ಆ ಪರಂಪರೆಯಲ್ಲಿ ಬೆಳೆದ ಎಷ್ಟೋ ಜನ ಹಾಲಿವುಡ್ ಸೇರಿದರು. ಫ್ರಿಟ್ಸ್ ಲಾಂಗ್, ರಾಬರ್ಟ್ ಸಿಯೊಡ್ಮಾಕ್, ಬಿಲ್ಲಿ ವೈಲ್ಡರ್. ಅವರೆಲ್ಲ ಲೈಟಿಂಗ್ ವಿದ್ಯೆಯನ್ನಷ್ಟೇ ತಂದರು ಅನ್ನುವುದು ಪುಸ್ತಕದ ಮಾತು. ನಂಬಿದ್ದ ಪಕ್ಕದ ಮನೆಯವರು ಒಂದು ದಿನ ಪೊಲೀಸರಿಗೆ ಹಿಡಿದು ಕೊಡಬಹುದು, ಸರ್ಕಾರಿ ಕಾಗದ ಒಂದರಿಂದ ಜೀವ ಹೋಗಬಹುದು ಅನ್ನುವ ತಿಳಿವಳಿಕೆಯನ್ನೂ ಜೊತೆಗೇ ತಂದಿದ್ದರು. ವೈಲ್ಡರ್ ಬರ್ಲಿನ್ ಬಿಟ್ಟಿದ್ದು 1933ರಲ್ಲಿ. ಹಿಂದೆ ಉಳಿದ ಅವರ ತಾಯಿ ನಾಜಿಗಳ ಕೈಯಲ್ಲಿ ಸತ್ತರು.

ಆ ವೈಲ್ಡರ್ ಮಾಡಿದ್ದೇ 'ಡಬಲ್ ಇಂಡೆಮ್ನಿಟಿ'. ಕಥೆ ನಡೆಯುವುದು ಬಿಸಿಲೂರಾದ ಲಾಸ್ ಏಂಜಲೀಸ್‌ನಲ್ಲಿ. ಆದರೆ ಆ ಬಿಸಿಲು ಕಿಟಕಿಯ ಪಟ್ಟಿ ಪರದೆಯ ಸಂದಿಯಿಂದ ಗೆರೆ ಗೆರೆಯಾಗಿ ಮಾತ್ರ ಒಳಗೆ ಬರುತ್ತದೆ. ನಾಯಕನ ಕೋಟಿನ ಮೇಲೆ ಜೈಲಿನ ಸರಳಿನ ಹಾಗೆ ಬೀಳುತ್ತದೆ. ಬೆಳಕಿನಲ್ಲಿ ದೂಳು ತೇಲುವುದು ಕಾಣಬೇಕು ಅಂತ ಛಾಯಾಗ್ರಾಹಕ ಜಾನ್ ಸೈಟ್ಜ್ ಗಾಳಿಯಲ್ಲಿ ಲೋಹದ ಸಣ್ಣ ಪುಡಿ ತೂರಿಸಿ ಶೂಟ್ ಮಾಡಿದರು. ಇನ್ಶೂರೆನ್ಸ್ ಏಜೆಂಟ್ ಒಬ್ಬ ಪಾಲಿಸಿ ನವೀಕರಿಸಲು ಒಂದು ಮನೆಗೆ ಹೋಗುತ್ತಾನೆ. ಆ ಮನೆಯೊಡತಿಯ ಮೋಹಕ್ಕೆ ಬಿದ್ದು ಅವಳ ಗಂಡನನ್ನು ಕೊಲ್ಲುತ್ತಾನೆ. ಇದನ್ನೆಲ್ಲ ನಮಗೆ ಹೇಳುವವನು ಅವನೇ. ಸಿನಿಮಾದ ಶುರುವಿನಲ್ಲೇ, ಅಪರಾತ್ರಿಯಲ್ಲಿ, ಭುಜದಲ್ಲಿ ಗುಂಡು ಹೊಕ್ಕಿರುವಾಗ, ಖಾಲಿ ಆಫೀಸಿನಲ್ಲಿ ಕೂತು ರೆಕಾರ್ಡಿಂಗ್ ಯಂತ್ರಕ್ಕೆ ಹೇಳುತ್ತಾನೆ. ಕೊಂದಿದ್ದು ದುಡ್ಡಿಗಾಗಿ, ಹೆಣ್ಣಿಗಾಗಿ. ಎರಡೂ ಸಿಗಲಿಲ್ಲ.

ಕಥೆಯನ್ನು ಹೀಗೆ ಕೊನೆಯಿಂದ ಹೇಳುವುದಕ್ಕೂ ಸೆನ್ಸಾರಿಗೂ ಸಂಬಂಧ ಇದೆ ಅನ್ನುವುದು ನನ್ನ ಲೆಕ್ಕ. ಹಾಲಿವುಡ್‌ಗೆ ಆಗ 'ಪ್ರೊಡಕ್ಷನ್ ಕೋಡ್' ಅನ್ನುವ ನಿಯಮಾವಳಿ ಇತ್ತು. ಬರೆದಿದ್ದು 1930ರಲ್ಲಿ, ಬಿಗಿಯಾಗಿ ಜಾರಿಗೆ ಬಂದಿದ್ದು 1934ರಿಂದ, ಜೋಸೆಫ್ ಬ್ರೀನ್ ಅನ್ನುವವರ ಉಸ್ತುವಾರಿಯಲ್ಲಿ. ತಪ್ಪು ಮಾಡಿದವನು ತಪ್ಪಿಸಿಕೊಳ್ಳುವಂತಿಲ್ಲ, ವ್ಯಭಿಚಾರ ಸುಖವಾಗಿ ಮುಗಿಯುವಂತಿಲ್ಲ. 'ಡಬಲ್ ಇಂಡೆಮ್ನಿಟಿ'ಯ ಮೂಲ ಕಥೆಯನ್ನು ಸಿನಿಮಾ ಮಾಡಲು ಸ್ಟುಡಿಯೊಗಳು 1930ರ ದಶಕದಲ್ಲೇ ಆಸೆಪಟ್ಟಿದ್ದವು. ಬ್ರೀನ್ ಕಚೇರಿ ಬೇಡ ಅಂದಿತ್ತು. ಕೊನೆಗೆ ಒಪ್ಪಿಗೆ ಸಿಕ್ಕಿದ್ದು 1943ರಲ್ಲಿ. ಹೇಗಿದ್ದರೂ ಅಪರಾಧಿಗೆ ಶಿಕ್ಷೆ ಆಗಲೇಬೇಕು ಅಂದಾಗ ಒಳ್ಳೆಯ ನಿರ್ದೇಶಕರು ಏನು ಮಾಡಿದರು? ಅವನ ಕಥೆ ಮುಗಿದಿದೆ ಅನ್ನುವುದನ್ನು ಮೊದಲ ದೃಶ್ಯದಲ್ಲೇ ಹೇಳಿಬಿಟ್ಟರು. ಆಮೇಲೆ ನೋಡುವವರಿಗೆ ಕುತೂಹಲ ಉಳಿಯುವುದು ಏನಾಗುತ್ತದೆ ಅಂತಲ್ಲ, ಮನುಷ್ಯ ಅಲ್ಲಿಗೆ ಹೇಗೆ ಬಂದು ಸಿಕ್ಕಿಕೊಂಡ ಅಂತ. ಸಭ್ಯತೆ ಕಾಪಾಡಲು ಮಾಡಿದ ನಿಯಮವೇ ಸಿನಿಮಾವನ್ನು ಇನ್ನಷ್ಟು ಕತ್ತಲಿಗೆ ದೂಡಿತು.

ಯುದ್ಧಕಾಲದ ಕೊರತೆಯೂ ಕೈ ಸೇರಿಸಿತು. ಸೆಟ್ ಕಟ್ಟಲು ಒಂದು ಸಿನಿಮಾಕ್ಕೆ 5,000 ಡಾಲರ್‌ಗಿಂತ ಹೆಚ್ಚಿನ ಹೊಸ ಸಾಮಾನು ಬಳಸಬಾರದು ಅಂತ ಸರ್ಕಾರ ಮಿತಿ ಹಾಕಿತ್ತು. ಅರ್ಧ ಕಟ್ಟಿದ ಕೋಣೆ, ಹಳೆಯ ಸೆಟ್ಟಿನ ಗೋಡೆ ಇದ್ದರೆ ಉಳಿದಿದ್ದನ್ನು ನೆರಳಿನಲ್ಲಿ ಮುಚ್ಚಬಹುದು ಅಲ್ವಾ? ಆದರೆ ಇದಕ್ಕೆ ಜಾಸ್ತಿ ತೂಕ ಕೊಡಬೇಡಿ. ಅದೇ ಮಿತಿಯೊಳಗೆ ಬೆಳಕು ತುಂಬಿದ ಹಾಡು-ಕುಣಿತದ ಸಿನಿಮಾಗಳೂ ಬಂದವು.

ಈ ಬದಲಾವಣೆಯನ್ನು ಮೊದಲು ಗುರುತಿಸಿದವರು ಅಮೆರಿಕದವರಲ್ಲ, ಫ್ರೆಂಚರು. ಜರ್ಮನ್ನರ ಕೈಯಲ್ಲಿದ್ದಷ್ಟು ಕಾಲ ಪ್ಯಾರಿಸ್‌ಗೆ ಹಾಲಿವುಡ್ ಸಿನಿಮಾ ಬರುತ್ತಿರಲಿಲ್ಲ. 1946ರ ಬೇಸಿಗೆಯಲ್ಲಿ ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಬಂತು. ವರ್ಷಕ್ಕೊಂದರಂತೆ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲವೇನೋ. ಸಾಲಾಗಿ ನೋಡಿದಾಗ ಹೋಲಿಕೆ ಎದ್ದು ಕಂಡಿತು. ವಿಮರ್ಶಕ ನಿನೊ ಫ್ರಾಂಕ್ ಆ ವರ್ಷವೇ ಇವನ್ನು 'ಫಿಲ್ಮ್ ನ್ವಾರ್', ಅಂದರೆ ಕಪ್ಪು ಸಿನಿಮಾ, ಅಂತ ಕರೆದರು.

ಇನ್ನು ವಾಪಸ್ ಬಂದವರ ವಿಷಯ. ನನಗೆ ಇದೇ ಹೆಚ್ಚು ಮುಖ್ಯ.

ಯುದ್ಧ ಶುರುವಾದಾಗ ಹಾಲಿವುಡ್‌ನ ದೊಡ್ಡ ನಿರ್ದೇಶಕರು ಕೆಲಸ ಬಿಟ್ಟು ಸೇನೆ ಸೇರಿದರು. ಜಾನ್ ಫೋರ್ಡ್, ಫ್ರಾಂಕ್ ಕಾಪ್ರಾ, ಜಾನ್ ಹ್ಯೂಸ್ಟನ್, ಜಾರ್ಜ್ ಸ್ಟೀವನ್ಸ್, ವಿಲಿಯಂ ವೈಲರ್. ಸ್ಟೀವನ್ಸ್ ಅದಕ್ಕೂ ಮುಂಚೆ ತಮಾಷೆ ಸಿನಿಮಾ, ಡಾನ್ಸ್ ಸಿನಿಮಾ ಮಾಡಿ ಹೆಸರಾದವರು. 1945ರಲ್ಲಿ ನಾಜಿಗಳ ಡಕಾವ್ ಶಿಬಿರದ ಗೇಟಿನೊಳಗೆ ಕ್ಯಾಮೆರಾ ಹಿಡಿದು ಹೋದರು. ಅವರ ತಂಡ ತೆಗೆದ ಚಿತ್ರಗಳನ್ನು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷಿಯಾಗಿ ತೋರಿಸಿದರು. ಮನೆಗೆ ಬಂದ ಮೇಲೆ ಸ್ಟೀವನ್ಸ್ ಮತ್ತೆ ತಮಾಷೆ ಸಿನಿಮಾ ಮಾಡಲೇ ಇಲ್ಲ. ಹ್ಯೂಸ್ಟನ್, ಮನಸ್ಸು ಕದಡಿದ ಸೈನಿಕರ ಆಸ್ಪತ್ರೆಯೊಂದರಲ್ಲಿ 'ಲೆಟ್ ದೇರ್ ಬಿ ಲೈಟ್' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಮಾತು ನಿಂತುಹೋದ ಹುಡುಗರು, ಏಟು ಬೀಳದೆಯೂ ನಡೆಯಲಾಗದವರು. ಮಾಡಿಸಿದ ಸೇನೆಯೇ ಅದನ್ನು ಮೂವತ್ತಕ್ಕೂ ಹೆಚ್ಚು ವರ್ಷ ಬೀಗ ಹಾಕಿ ಇಟ್ಟಿತು.

ವೈಲರ್ ಬಾಂಬರ್ ವಿಮಾನಗಳಲ್ಲಿ ಹೋಗಿ ಚಿತ್ರೀಕರಣ ಮಾಡಿದವರು. 1945ರಲ್ಲಿ ಇಟಲಿಯ ಮೇಲೆ ಅಂಥ ಒಂದು ಹಾರಾಟದಲ್ಲಿ ಕಿವಿ ಕೇಳಿಸದಂತಾಯಿತು. ಒಂದು ಕಿವಿ ಸ್ವಲ್ಪ ಮಟ್ಟಿಗೆ ಸರಿಹೋಯಿತು, ಇನ್ನೊಂದು ಹೋಗಿಯೇ ಹೋಯಿತು. ಅವರು ವಾಪಸ್ ಬಂದು ಮಾಡಿದ ಮೊದಲ ಸಿನಿಮಾ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್', 1946. ಮೂವರು ಸೈನಿಕರು ಒಂದೇ ವಿಮಾನದಲ್ಲಿ ತಮ್ಮ ಊರಿಗೆ ಮರಳುತ್ತಾರೆ. ಕೊಲೆ ಇಲ್ಲ, ಪಿಸ್ತೂಲು ಇಲ್ಲ. ನನ್ನ ದೃಷ್ಟಿಯಲ್ಲಿ ಆ ದಶಕದ ಅತಿ ದಿಟ್ಟ ಹಾಲಿವುಡ್ ಸಿನಿಮಾ ಇದು.

ಹೋಮರ್ ಅನ್ನುವ ನಾವಿಕನಿಗೆ ಎರಡೂ ಕೈ ಇಲ್ಲ, ಕೊಕ್ಕೆಗಳಿವೆ. ಆ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟರಲ್ಲ. 1944ರ ಜೂನ್ 6ರಂದು ಸೇನಾ ತರಬೇತಿಯಲ್ಲಿ ಸ್ಫೋಟಕ ಸಿಡಿದು ನಿಜವಾಗಿಯೇ ಕೈ ಕಳೆದುಕೊಂಡವರು. ಹೋಮರ್ ಊರಲ್ಲಿ ತನಗಾಗಿ ಕಾದಿರುವ ವಿಲ್ಮಾಳನ್ನು ದೂರ ಇಡುತ್ತಾನೆ. ಒಂದು ರಾತ್ರಿ ಅವಳನ್ನು ತನ್ನ ಕೋಣೆಗೆ ಕರೆದು, ಮಲಗುವ ಮುಂಚೆ ತಾನು ಏನು ಮಾಡುತ್ತೇನೆ ಅಂತ ತೋರಿಸುತ್ತಾನೆ. ಭುಜದ ಪಟ್ಟಿ ಕಳಚಿ ಕೊಕ್ಕೆಗಳನ್ನು ಹಾಸಿಗೆ ಮೇಲೆ ಬೀಳಿಸುತ್ತಾನೆ. ಇದಾದ ಮೇಲೆ ಬಾಗಿಲು ಮುಚ್ಚಿಕೊಂಡರೆ ತೆಗೆಯಲು ಆಗುವುದಿಲ್ಲ, ಇದನ್ನು ನಾನೇ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ ಅಂತ ಹೇಳುತ್ತಾನೆ. ಅವಳು ಅವನ ಅಂಗಿಯ ಗುಂಡಿ ಹಾಕುತ್ತಾಳೆ. ಅಷ್ಟೇ ದೃಶ್ಯ. ಮದುವೆಯಾದ ಗಂಡ-ಹೆಂಡತಿಗೂ ಬೇರೆ ಬೇರೆ ಹಾಸಿಗೆ ತೋರಿಸುತ್ತಿದ್ದ ಕಾಲದಲ್ಲಿ, ಗಂಡಸಿನ ಕೋಣೆಯಲ್ಲಿ, ಹಾಸಿಗೆ ಪಕ್ಕದಲ್ಲಿ ಇಷ್ಟು ನೇರವಾಗಿ ಮಾತಾಡುವ ದೃಶ್ಯ ಬಂತು. ಈ ಒಂದೇ ಪಾತ್ರಕ್ಕೆ ರಸೆಲ್‌ಗೆ ಎರಡು ಆಸ್ಕರ್ ಕೊಟ್ಟರು.

ಫ್ರೆಡ್ ಬಾಂಬರ್‌ನಲ್ಲಿ ಬಾಂಬ್ ಹಾಕುತ್ತಿದ್ದ ಕ್ಯಾಪ್ಟನ್. ತಿಂಗಳಿಗೆ 400 ಡಾಲರ್ ಎಣಿಸುತ್ತಿದ್ದವನು. ಊರಿಗೆ ಬಂದು ಮತ್ತೆ ಹಳೆಯ ಔಷಧಿ ಅಂಗಡಿಯ ಕೌಂಟರಿಗೆ ನಿಲ್ಲಬೇಕು, ವಾರಕ್ಕೆ 32.50 ಡಾಲರ್. ಕೆಲಸ ಹೋಗಿ, ಮದುವೆ ಮುರಿದು, ಊರು ಬಿಡಲು ಹೊರಟಾಗ ವಿಮಾನ ನಿಲ್ದಾಣದ ಪಕ್ಕದ ಬಯಲಿಗೆ ಬರುತ್ತಾನೆ. ಗುಜರಿಗೆ ಹಾಕಿದ ಬಿ-17 ವಿಮಾನಗಳು ಸಾಲು ಸಾಲಾಗಿ ನಿಂತಿವೆ, ಇಂಜಿನ್ ಕಿತ್ತು ಹಾಕಿದ್ದಾರೆ. ಒಂದರೊಳಗೆ ಹತ್ತಿ ಮೂತಿಯಲ್ಲಿ ತನ್ನ ಹಳೆಯ ಜಾಗದಲ್ಲಿ ಕೂರುತ್ತಾನೆ. ಗಾಜಿನ ಮೇಲೆ ದೂಳು. ಹೊರಗಿನಿಂದ ಕ್ಯಾಮೆರಾ ಒಂದೊಂದೇ ಇಂಜಿನ್ ಜಾಗದ ಮುಂದೆ ಹಾದು ಹೋಗುತ್ತದೆ, ಸಂಗೀತದಲ್ಲಿ ಇಂಜಿನ್‌ಗಳು ಎದ್ದು ಕೂರುತ್ತವೆ. ವಿಮಾನ ಹಾರುತ್ತಿದೆ ಅನ್ನಿಸುತ್ತದೆ. ಅದು ನಿಂತಲ್ಲೇ ನಿಂತಿದೆ.

ಈ ದೃಶ್ಯ ನೋಡುವಾಗ ಬೆಂಗಳೂರಿನವರಿಗೆ ಒಂದು ವಿಷಯ ಗೊತ್ತಿರಲಿ. ಯುದ್ಧಕಾಲದಲ್ಲಿ ನಮ್ಮ ಎಚ್‌ಎಎಲ್ ಅಮೆರಿಕದ ವಾಯುಪಡೆಯ ವಿಮಾನಗಳನ್ನು ರಿಪೇರಿ ಮಾಡುವ ಜಾಗವಾಗಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟು ಹೋದರು. ಎಚ್‌ಎಎಲ್ ಅವನ್ನು ಬೆಂಗಳೂರಿಗೆ ತರಿಸಿ ಸರಿ ಮಾಡಿತು. 1948ರಿಂದ ಅವೇ ಭಾರತೀಯ ವಾಯುಪಡೆಯ ಮೊದಲ ಭಾರಿ ಬಾಂಬರ್‌ಗಳಾದವು. 1968ರವರೆಗೂ ಹಾರಿದವು.

ಬಿ-24 ಅಂದಾಗ ಮೈಸೂರಿನ ಸಾಬು ದಸ್ತಗೀರ್ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಹುಟ್ಟಿದ್ದು 1924ರಲ್ಲಿ, ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ಸಿನಿಮಾಕ್ಕೆ ಹುಡುಗನನ್ನು ಇಲ್ಲಿಂದಲೇ ಆರಿಸಿಕೊಂಡರು. 1940ರ 'ದ ಥೀಫ್ ಆಫ್ ಬಾಗ್ದಾದ್'ನಲ್ಲಿ ಸಾಬು ನಾಯಕ, ಎದುರು ಖಳನಾಗಿ ನಿಂತವರು ಇದೇ ಕಾನ್ರಾಡ್ ವೈಟ್. ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾಗಿ, ವಾಯುಪಡೆ ಸೇರಿ, ಪೆಸಿಫಿಕ್ ಸಾಗರದ ಮೇಲೆ ಬಿ-24ರಲ್ಲಿ ಗನ್ನರ್ ಆಗಿ ಹೋರಾಡಿದರು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ವಾಪಸ್ ಬಂದ ಮೇಲೆ ಹಾಲಿವುಡ್ ಅವರಿಗೆ ಕೊಟ್ಟಿದ್ದು ಮತ್ತದೇ ಕಾಡು, ಆನೆ, ಪೇಟದ ಪಾತ್ರಗಳು. 1963ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡರು. ಫ್ರೆಡ್‌ನ ಕಥೆ ತೆರೆಯ ಮೇಲೆ ಬಂತು. ಸಾಬು ಅವರ ಕಥೆಯನ್ನು ಅಂದು ಯಾರೂ ಸಿನಿಮಾ ಮಾಡಲಿಲ್ಲ.

ಈ ಸಿನಿಮಾಗಳ ಕಣ್ಣಿಗೆ ಬೀಳದವರು ಇನ್ನೂ ಇದ್ದಾರೆ. ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಜನಾಂಗದವರು ಅಮೆರಿಕದ ಸೇನೆಯಲ್ಲಿ ದುಡಿದರು, ಅದೂ ಬೇರೆಯದೇ ತುಕಡಿಗಳಲ್ಲಿ. ಆ ಭೇದ ತೆಗೆಯಲು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ. ಮನೆಗೆ ಮರಳುವ ಸೈನಿಕರ ಬಗ್ಗೆ ಅಷ್ಟು ಪ್ರಾಮಾಣಿಕವಾಗಿ ಮಾತಾಡುವ ವೈಲರ್ ಸಿನಿಮಾದಲ್ಲೂ ಅವರ ಕಥೆ ಇಲ್ಲ. ನೋಡುವಾಗ ಈ ಖಾಲಿ ಜಾಗವನ್ನೂ ಗಮನಿಸಬೇಕು.

ಇನ್ನೊಂದು ಕತ್ತಲು 1947ರಲ್ಲಿ ಬಂತು. ಅದು ತೆರೆಯ ಹೊರಗಿನದು. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರಿದ್ದಾರೆ ಅಂತ ಸಂಸತ್ತಿನ ಸಮಿತಿಯೊಂದು ವಿಚಾರಣೆ ಶುರು ಮಾಡಿತು. ಉತ್ತರ ಕೊಡಲು ಒಪ್ಪದ ಹತ್ತು ಜನ ಜೈಲಿಗೆ ಹೋದರು. ಸ್ಟುಡಿಯೊಗಳು ಅವರಿಗೆ ಕೆಲಸ ಕೊಡುವುದಿಲ್ಲ ಅಂತ ಘೋಷಿಸಿದವು. ಅವರಲ್ಲೊಬ್ಬರಾದ ಡಾಲ್ಟನ್ ಟ್ರಂಬೊ 'ರೋಮನ್ ಹಾಲಿಡೇ'ಗೆ ಕಥೆ ಬರೆದರು, ಆಸ್ಕರ್ ಬಂತು, ಹೆಸರು ಮಾತ್ರ ಇನ್ನೊಬ್ಬರದ್ದು. ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಗೊತ್ತಲ್ಲ, ಕ್ರಿಸ್‌ಮಸ್ ಬಂದರೆ ಎಲ್ಲರೂ ನೋಡುವ ಸಿನಿಮಾ? ಬ್ಯಾಂಕ್ ಮಾಲೀಕನನ್ನು ಕೆಟ್ಟವನಾಗಿ ತೋರಿಸಿದೆ ಅಂತ ಎಫ್‌ಬಿಐ ಅದರ ಮೇಲೂ ಅನುಮಾನದ ಟಿಪ್ಪಣಿ ಬರೆಯಿತು. 'ಬೆಸ್ಟ್ ಇಯರ್ಸ್' ಥರದ ಸಿನಿಮಾ ಈಗ ಮಾಡಲು ಬಿಡುವುದಿಲ್ಲ ಅಂತ ವೈಲರ್ 1947ರಲ್ಲೇ ಬಹಿರಂಗವಾಗಿ ಹೇಳಿದರು. ಅದು ಬಿಡುಗಡೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಆಮೇಲೆ ಹೇಳಬೇಕಾದದ್ದನ್ನು ನೇರವಾಗಿ ಹೇಳುವ ಬದಲು ಪತ್ತೇದಾರಿ ಕಥೆ, ಕೌಬಾಯ್ ಕಥೆಯೊಳಗೆ ಅಡಗಿಸಿ ಹೇಳುವುದು ಜಾಸ್ತಿಯಾಯಿತು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ಮೂರು ಸಾಕು. ಮೊದಲು 'ಕಾಸಾಬ್ಲಾಂಕಾ'. ಬೊಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್ ಅವರನ್ನು ಬಿಟ್ಟು ಹಿಂದೆ ನಿಂತಿರುವ ಸಣ್ಣ ಪಾತ್ರಗಳ ಮುಖ ನೋಡಿ. ಆಮೇಲೆ 'ಡಬಲ್ ಇಂಡೆಮ್ನಿಟಿ', ಇದನ್ನು ರಾತ್ರಿ ಲೈಟ್ ಆರಿಸಿಯೇ ನೋಡಬೇಕು, ಮೊಬೈಲ್ ಪರದೆಯಲ್ಲಿ ಆ ನೆರಳುಗಳು ಬರೀ ಮಸಿಯಾಗಿ ಕಾಣುತ್ತವೆ. ಕೊನೆಗೆ 'ಬೆಸ್ಟ್ ಇಯರ್ಸ್'. ಹತ್ತಿರ ಹತ್ತಿರ ಮೂರು ಗಂಟೆ ಇದೆ, ಮೊದಲ ಅರ್ಧ ಗಂಟೆ ನಿಧಾನ ಅನ್ನಿಸಬಹುದು. ಓಡಿಸಿ ನೋಡಬೇಡಿ. ಬಾರಿನಲ್ಲಿ ಹೋಮರ್ ತನ್ನ ಕೊಕ್ಕೆಯಿಂದ ಪಿಯಾನೊ ನುಡಿಸುವ ದೃಶ್ಯ ಬಂದಾಗ ಎಲ್ಲರ ಕಣ್ಣೂ ಅವನ ಮೇಲಿರುತ್ತದೆ. ನೀವು ತೆರೆಯ ಹಿಂಭಾಗದಲ್ಲಿ, ದೂರದ ಫೋನ್ ಬೂತಿನಲ್ಲಿ ಸಣ್ಣದಾಗಿ ಕಾಣುವ ಫ್ರೆಡ್‌ನನ್ನು ನೋಡಿ. ತಾನು ಪ್ರೀತಿಸಿದ ಹುಡುಗಿಗೆ ಇನ್ನು ಸಿಗುವುದಿಲ್ಲ ಅಂತ ಹೇಳುತ್ತಿದ್ದಾನೆ. ಮಾತು ಕೇಳಿಸುವುದಿಲ್ಲ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹತ್ತಿರದ್ದು, ದೂರದ್ದು ಎರಡನ್ನೂ ಒಂದೇ ಶಾಟಿನಲ್ಲಿ ಸ್ಪಷ್ಟವಾಗಿ ಇಟ್ಟಿದ್ದಾರೆ, ಯಾರನ್ನು ನೋಡಬೇಕು ಅನ್ನುವುದನ್ನು ನಮಗೆ ಬಿಟ್ಟಿದ್ದಾರೆ.